ಪೆಟ್ಟಿಗೆಯ ಹಿಂದೆ ಉಳಿದ ಹಸೆ

ನನ್ನ ಮೇಜಿನ ಮೇಲೆ ಬಣ್ಣದ ಒಂದು ಹಕ್ಕಳೆ ಇದೆ. ಅಂಗೈಯಷ್ಟು ಅಗಲ. ಒಂದು ಮಗ್ಗುಲು ನೀಲಿ. ಆಯಿಲ್ ಪೇಂಟಿನ ಹೊಳಪು ಇನ್ನೂ ಪೂರ್ತಿ ಹೋಗಿಲ್ಲ. ತಿರುಗಿಸಿದರೆ ಕೆಮ್ಮಣ್ಣು, ಅದಕ್ಕೆ ಅಂಟಿಕೊಂಡು ಅಕ್ಕಿಹಿಟ್ಟಿನ ನಾಲ್ಕು ಬಿಳಿ ಎಳೆಗಳು. ಎಳೆಗಳು ಒಂದನ್ನೊಂದು ಹಾಯುವ ಕಡೆ ಒಂದು ಕಪ್ಪು ಚುಕ್ಕಿ. ಮೂಗಿನ ಹತ್ತಿರ ಹಿಡಿದರೆ ಹಳೆಯ ಮಣ್ಣಿನ ವಾಸನೆ, ಅದರೊಳಗೆ ಒಂಚೂರು ಸೀದ ಅಕ್ಕಿಯ ವಾಸನೆ ಬರುತ್ತದೆ. ಬರುತ್ತದೆಯೋ, ಬರಲಿ ಎಂದು ನಾನು ಬಯಸುತ್ತಿದ್ದೇನೋ... ಸೀದ ಅಕ್ಕಿಯ ವಾಸನೆ ನಲವತ್ತು ವರ್ಷ ಗೋಡೆಯೊಳಗೆ ಉಳಿದಿತ್ತು ಎಂದು ಬೇರೆ ಯಾರಾದರೂ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ಇದು ಉದುರಿದ್ದು ನನ್ನ ತವರುಮನೆಯ ಗೋಡೆಯಿಂದ. ಸಿದ್ದಾಪುರದಿಂದ ಕೋಲಸಿರ್ಸಿ ಕಡೆ ಹೋಗುವಾಗ ಗದ್ದೆಬಯಲಿನ ಅಂಚಿಗೆ ಸಿಗುವ ಏಳೆಂಟು ಮನೆಗಳಲ್ಲಿ ನಮ್ಮದು ಎರಡನೆಯದು. ಅಣ್ಣ ಅಲ್ಲೇ ಸಂಸಾರ ಮಾಡಿಕೊಂಡಿದ್ದಾನೆ. ಈ ಬೇಸಿಗೆಯಲ್ಲಿ ಅವನ ಮಗಳ ಮದುವೆ ಗೊತ್ತಾಯಿತು. ಮದುವೆಯೊಳಗೆ ಮನೆ ರಿಪೇರಿ ಮುಗಿಯಬೇಕೆಂದು ಹೊರಟ: ನೆಲಕ್ಕೆ ಟೈಲ್ಸ್, ಮಣ್ಣಿನ ಗೋಡೆಗೆ ಸಿಮೆಂಟು, ಮೇಲೆ ಪುಟ್ಟಿ. ಕಾಲೇಜಿನಿಂದ ನಿವೃತ್ತಳಾಗಿ ಸಿರ್ಸಿಯಲ್ಲಿರುವ ನನಗೂ ಫೋನು ಬಂತು. "ಬಾ ತಂಗಿ, ಟೈಲ್ಸ್ ಬಣ್ಣದ ಮೇಲೆ ನಿನ್ ಅತ್ತಿಗೆಗೂ ನಂಗೂ ಮಾತುಕತೆ ನಿಂತು ಎರಡು ದಿನ ಆತು. ನೀನೇ ಒಂದು ಹೇಳಿ ಹೋಗು."

ನಾನು ಹೋದ ದಿನ ನಡುಮನೆಯ ಸಾಮಾನೆಲ್ಲ ಅಂಗಳದಲ್ಲಿತ್ತು. ಉಳಿದದ್ದು ಹಲಸಿನ ಮರದ ಅಕ್ಕಿ ಪೆಟ್ಟಿಗೆ ಒಂದೇ. ಅಜ್ಜನ ಕಾಲದ್ದು, ಅಕ್ಕನ ಮದುವೆಯ ನಂತರ ಯಾರೂ ಅದನ್ನು ಕದಲಿಸಿದವರಲ್ಲ. ಹಾನಗಲ್ ಕಡೆಯ ಮೇಸ್ತ್ರಿ ಮತ್ತು ಅವನ ಜೊತೆಯ ಮೂವರು ಸೇರಿ ಅದನ್ನು ಎಳೆದರು. ನಾನು ಹೊರಗೆ ಅತ್ತಿಗೆಯ ಹತ್ತಿರ ಟೈಲ್ಸ್ ತುಂಡುಗಳನ್ನು ನೋಡುತ್ತಿದ್ದೆ. ಒಳಗಿಂದ ಮೇಸ್ತ್ರಿ ಕೂಗಿದ: "ಮೇಡಂರೀ, ಸ್ವಲ್ಪ ಇಲ್ಲಿ ಬರ್ರಿ. ಗ್ವಾಡಿಗೆ ಯಾರೋ ರಂಗೋಲಿ ಹಾಕ್ಯಾರ!"

ಪೆಟ್ಟಿಗೆ ಇದ್ದಷ್ಟು ಜಾಗದಲ್ಲಿ ಗೋಡೆಗೆ ನೀಲಿ ಬಣ್ಣ ಇರಲಿಲ್ಲ. ಪೆಟ್ಟಿಗೆಯ ಅಂಚಿಗೆ ಸರಿಯಾಗಿ ನೀಲಿ ನಿಂತುಹೋಗಿತ್ತು. ಅದರ ಕೆಳಗೆ, ಜೇಡರ ಬಲೆ ಕೈಯಿಂದ ಸರಿಸಿದರೆ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬಿಳಿ ಎಳೆಗಳು. ನಮ್ಮ ಕಡೆ ಮದುವೆಗೆ ಬರೆಯುವ ಹಸೆಚಿತ್ತಾರದ ಕೆಳಅಂಚು. ಎಳೆಗಳು ದಾರ ಹಿಡಿದು ಎಳೆದಷ್ಟು ನೇರ. ತುದಿಯಲ್ಲಿ ಮಾತ್ರ ಒಂದು ಸೊಟ್ಟ ಏಣಿ. ಏಳು ಮೆಟ್ಟಿಲಿನ ಏಣಿ ಎಂದು ನನಗೆ ನೆನಪಿತ್ತು. ಕೂತು ಎಣಿಸಿದೆ. ಐದು.

ಆ ಏಣಿ ಬರೆದವಳು ನಾನು. ಉಳಿದದ್ದೆಲ್ಲ ಆಚೆಮನೆ ಅತ್ತೆಯದು.

ಅವಳು ನಮಗೆ ರಕ್ತಸಂಬಂಧವಲ್ಲ. ಬೇಲಿಯಾಚೆಯ ಮನೆಯವಳು, ಅಪ್ಪನಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಎತ್ತರದ ಹೆಂಗಸು, ಗದ್ದೆಯಲ್ಲಿ ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದಳು. ಬಾಯಿ ಜೋರು. ದಿನಕ್ಕೆ ಹತ್ತು ಸಲ ನಮ್ಮ ಹಿತ್ತಿಲಿಗೆ ಬರುತ್ತಿದ್ದಳು, ಬಂದಾಗಲೆಲ್ಲ ಅಪ್ಪನನ್ನು ಯಾವುದಾದರೂ ಒಂದು ನೆವಕ್ಕೆ ಬೈದು ಹೋಗುತ್ತಿದ್ದಳು. ಆದರೆ ಹಸೆ ಬರೆಯುವ ವಿಷಯ ಬಂದರೆ ಅವಳೇ ಬೇರೆ. ಎಷ್ಟೇ ಬಳಕೆಯ ಮನೆಯಾದರೂ ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು ಅವಳ ಬಾಗಿಲಿಗೆ ಹೋಗಿ ಕರೆಯಬೇಕು. ಕರೆಯದೆ ಹೋಗುವ ಕೆಲಸ ಅದಲ್ಲ. ಅಕ್ಕನ ಮದುವೆಗೆ ಅಪ್ಪ ಹಾಗೆ ಕರೆಯಲು ಹೋದಾಗ ನಾನೂ ಹಿಂದೆ ಹೋಗಿದ್ದೆ. ಸ್ವಲ್ಪ ಮುಂಚೆ ನಮ್ಮ ಬಾವಿಕಟ್ಟೆಯ ಮೇಲೆ ಕೂತು "ನಿನ್ ಕೈಲಿ ಎಂತಾ ಮದ್ವೆ ಮಾಡುಕೆ ಆಗ್ತದೋ" ಎಂದು ಅಪ್ಪನನ್ನು ಹಂಗಿಸುತ್ತಿದ್ದವಳು, ಈಗ ತಲೆಗೆ ಸೆರಗು ಹೊದ್ದು ಹೊಸಬರನ್ನು ನೋಡಿದ ಹಾಗೆ ಅಪ್ಪನನ್ನು ನೋಡಿ, ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡಳು. ನನಗೆ ನಗು ಬಂತು. ಅಪ್ಪ ಕಣ್ಣು ಬಿಟ್ಟ.

ಮೂರು ದಿನ ಬರೆದಳು. ಅಕ್ಕಿಯನ್ನು ಹುರಿದು ಸೀಯಿಸಿ ಅರೆದರೆ ಕಪ್ಪು, ನೆನೆಸಿ ಅರೆದರೆ ಬಿಳಿ. ಪುಂಡಿ ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಚ್ಚಿ ಕುಂಚ ಮಾಡಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿದ್ದೆ. ಹದಿನೇಳು ವರ್ಷ ನನಗೆ. ಕೊನೆಯ ದಿನ ಕುಂಚ ನನ್ನ ಕೈಗೆ ಕೊಟ್ಟಳು. ನಾನು ಎಡಗೈ ಚಾಚಿದೆ. ನಾನು ಎಡಚಿ, ಶಾಲೆಯ ಮಾಸ್ತರು ಹೊಡೆದು ಹೊಡೆದು ಬರವಣಿಗೆಯೊಂದನ್ನು ಬಲಗೈಗೆ ದಾಟಿಸಿದ್ದರು, ಉಳಿದದ್ದೆಲ್ಲ ಎಡಗೈಯಲ್ಲೇ. ಮದುವೆಗೆ ಬಂದಿದ್ದ ಹಿರಿಯ ಹೆಂಗಸೊಬ್ಬಳು ಕೂಗಿಯೇ ಬಿಟ್ಟಳು: "ಏಯ್ ಏಯ್, ಹಸೆಗೆ ಎಡಗೈ ತಾಗಿಸ್ಬೇಡ!"

ಆಚೆಮನೆ ಅತ್ತೆ ತಿರುಗಿ ಕೂಡ ನೋಡಲಿಲ್ಲ. "ಗೋಡೆಗೆ ಎಂತಾ ಗೊತ್ತಾಗ್ತದೆ ಯಾವ ಕೈ ಅಂತ? ನಾಳೆ ಅದನ್ನ ಸಾಕ್ಷಿ ಹೇಳುಕೆ ಕರೀತಾರಾ?" ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ, "ಈ ಮೂಲೆಲಿ ಬರಿ ಹೆಣ್ಣೆ. ಪೆಟ್ಟಿಗೆ ಬಂದು ಕೂತ್ರೆ ಯಾರಿಗೂ ಕಾಣುದಿಲ್ಲ. ನಿಂಗೂ ನಂಗೂ ಗೊತ್ತಿದ್ರೆ ಸಾಕು." ನಾನು ಏಣಿ ಬರೆದೆ. "ಈ ಏಣಿ ಹತ್ತಿದವ್ರು ಆಸ್ಪತ್ರೆಗೇ ಹೋಗ್ಬೇಕು" ಎಂದು ನಕ್ಕಳು. ಆದರೆ ತಿದ್ದಲಿಲ್ಲ.

ಇನ್ನು ಬರೆಯುವುದು ಕಷ್ಟ.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿದವಳು, ಅದರಲ್ಲೂ ಜಾನಪದ. ಹಸೆಚಿತ್ತಾರದ ಪಾಠ ಬಂದಾಗಲೆಲ್ಲ ಒಂದು ಕಥೆ ಹೇಳುತ್ತಿದ್ದೆ. ನಮ್ಮ ಮನೆಯಲ್ಲೇ ಚೆಂದದ ಒಂದು ಹಸೆಗೋಡೆ ಇತ್ತು, ನನ್ನ ಅಪ್ಪ ಓದುಬರಹ ಇಲ್ಲದ ರೈತ, ಅದರ ಬೆಲೆ ಅರಿಯದೆ ಅದರ ಮೇಲೆ ನೀಲಿ ಪೇಂಟು ಬಳಿದ, ಬರೆದ ಹೆಂಗಸು ಮನನೊಂದು ಮತ್ತೆ ನಮ್ಮ ಮನೆಗೆ ಕಾಲಿಡಲಿಲ್ಲ. ಹುಡುಗಿಯರು "ಅಯ್ಯೋ" ಎನ್ನುತ್ತಿದ್ದರು. ಒಮ್ಮೆ ಇದನ್ನೇ ಒಂದು ಸ್ಮರಣ ಸಂಚಿಕೆಗೆ ಬರೆದೆ. ಮೆಚ್ಚಿ ಪತ್ರಗಳು ಬಂದವು. ಅಣ್ಣ ಆ ಪುಟ ಕತ್ತರಿಸಿ ಇಟ್ಟುಕೊಂಡಿದ್ದಾನೆ.

ಅದು ಸುಳ್ಳು ಎಂದು ಹೇಳಲಾರೆ. ಪೇಂಟು ಬಳಿದದ್ದು ಅಪ್ಪನೇ. ಅವನ ಕೈಯಲ್ಲಿ ಬ್ರಷ್ಷು ಇದ್ದದ್ದು, ಮೀಸೆಯ ಮೇಲೆ ನೀಲಿ ಹನಿ ಬಿದ್ದಿದ್ದು ನನಗೆ ಈಗಲೂ ಕಾಣುತ್ತದೆ. ನಾನು ಆ ಚಿತ್ರವನ್ನು ಹಿಡಿದುಕೊಂಡು ಅದರ ಹಿಂದಿನ ದಿನವನ್ನು ಬಿಟ್ಟಿದ್ದೆ. ಮರೆತಿದ್ದೆ ಎನ್ನುವುದು ಸರಿಯಲ್ಲ. ಆ ಕಡೆ ನೋಡಲು ಹೋಗಿರಲಿಲ್ಲ.

ಪೆಟ್ಟಿಗೆಯ ಹಿಂದಿನ ಚಿತ್ತಾರ ಕಂಡ ಕೂಡಲೇ ಅಣ್ಣ ಮದುವೆಮಗನಂತೆ ಓಡಾಡಿದ. "ಟೈಲ್ಸ್ ಆಮೇಲೆ. ಮೊದ್ಲು ಈ ನೀಲಿ ತೆಗೀರಿ ಮೇಸ್ತ್ರಿ, ಅಡಿಲಿ ಪೂರಾ ಹಸೆ ಇರ್ತದೆ." ನಾನು ಬೇಡ ಎನ್ನಬಹುದಿತ್ತು. ಗೋಡೆ ಕಿತ್ತು ಬಂದೀತು, ಮಣ್ಣು ಉದುರೀತು, ಎಂದು ಏನೋ ಒಂದು ಹೇಳಬಹುದಿತ್ತು. ಅತ್ತಿಗೆ ಕೊಟ್ಟ ಚಹಾದ ಲೋಟ ಹಿಡಿದು ನಿಂತಿದ್ದೆ. ಮೇಸ್ತ್ರಿ ನೀರು ಚಿಮುಕಿಸಿ, ಕರಣೆಯ ತುದಿಯಿಂದ ಹುಷಾರಾಗಿ ನೀಲಿಯನ್ನು ಎಬ್ಬಿಸತೊಡಗಿದ. ಹಕ್ಕಳೆ ಹಕ್ಕಳೆಯಾಗಿ ಬಿತ್ತು. ಅಡಿಯಲ್ಲಿ ಹಸೆ ಇರಲಿಲ್ಲ. ಅಲ್ಲಲ್ಲಿ ಒಂದೊಂದು ಎಳೆ, ಮದುಮಕ್ಕಳು ಕೂರುವ ಒಂದು ದಂಡಿಗೆಯ ಅರ್ಧ, ಉಳಿದೆಡೆ ಬರೀ ಗೀರು. ಮೇಲಿಂದ ಕೆಳಕ್ಕೆ, ಒಂದರ ಮೇಲೊಂದು, ಗೋಡೆಯ ತುಂಬ.

ಮೇಸ್ತ್ರಿ ಗೀರಿನ ಮೇಲೆ ಬೆರಳಾಡಿಸಿದ. "ಇದು ಪೇಂಟಿನಾವ್ರು ಕೆರದದ್ದಲ್ರಿ. ಅವ್ರು ಹಿಂಗ ಕೆರ್ಯಾಂಗಿಲ್ಲ. ಸಿಟ್ಟಿಲೆ ಕೆರದಾರ ಯಾರೋ. ಮತ್ತ... ಎಡಗೈಯಾವ್ರು ನೋಡ್ರಿ."

"ಅದು ಹೆಂಗೆ ಹೇಳ್ತೀಯ ಮಾರಾಯಾ?" ಅಣ್ಣ ಕೇಳಿದ.

ಮೇಸ್ತ್ರಿ ಕರಣೆಯನ್ನು ಬಲಗೈಯಲ್ಲಿ ಹಿಡಿದು ಗಾಳಿಯಲ್ಲಿ ಎಳೆದು ತೋರಿಸಿದ. "ನಾವು ಎಳದ್ರ ಗೀರು ಬಲಕ್ಕಿಂದ ಎಡಕ್ಕ ಇಳಿತಾವು. ಇವು ಉಲ್ಟಾ ಅದಾವಲ್ರಿ, ಒಂದ್ ಬಿಡದಂಗ."

"ನಮ್ಮಪ್ಪ ಬಲಗೈಯವ..." ಎಂದ ಅಣ್ಣ.

ನನ್ನ ಚಹಾದ ಲೋಟ ಎಡಗೈಯಲ್ಲಿತ್ತು. ನಾನು ಅದನ್ನು ಬಲಗೈಗೆ ಬದಲಿಸಿದೆ. ಬದಲಿಸಿದ್ದನ್ನು ಅಣ್ಣ ನೋಡಿದ.

ಆ ದಿನವನ್ನು ಈಗ ಆದಷ್ಟು ಸರಿಯಾಗಿ ಬರೆಯಲು ನೋಡುತ್ತೇನೆ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಊರಿಗೆ ಬಂದಿದ್ದೆ. ಹಾಸ್ಟೆಲಿನ ಮೂವರು ಗೆಳತಿಯರು ಜೋಗ ನೋಡಲು ಬರುವವರಿದ್ದರು, ಭಾನುವಾರದ ಊಟ ನಮ್ಮಲ್ಲಿ. ಅವರಿಗೆ ನಮ್ಮ ಮನೆಯ ಬಗ್ಗೆ ನಾನು ಏನೇನು ಹೇಳಿದ್ದೆ ಎಂಬುದು ನೆನಪಿಲ್ಲ. ಇದ್ದದ್ದನ್ನು ಹೇಳಿರಲಿಲ್ಲ ಎಂಬುದು ನೆನಪಿದೆ. ಅಮ್ಮ ಅಕ್ಕನ ಬಾಣಂತನಕ್ಕೆ ಹೋಗಿದ್ದಳು, ಅಣ್ಣ ಅವಳನ್ನು ಬಿಟ್ಟುಬರಲು ಹೋದವನು ಅಲ್ಲೇ ಉಳಿದಿದ್ದ. ಅಪ್ಪ ಗದ್ದೆಯಲ್ಲಿ. ನಾನೊಬ್ಬಳೇ ಮನೆಯಲ್ಲಿ ಕೂತು, ಬಾಗಿಲಿಂದ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಯಾವುದು ಎಂದು ನೋಡಿದೆ. ನಾಲ್ಕು ವರ್ಷದ ಹಿಂದಿನ ಮದುವೆಯ ಹಸೆ. ಹೊಗೆ ಹಿಡಿದು, ಅಲ್ಲಲ್ಲಿ ಉದುರಿ... ನನ್ನ ಕಣ್ಣಿಗೆ ಅದು ನಾವು ಯಾರು ಎಂಬುದನ್ನು ಕೂಗಿ ಹೇಳುವ ಹಾಗೆ ಕಂಡಿತು.

ಮೊದಲು ಒದ್ದೆ ಬಟ್ಟೆಯಿಂದ ಒರೆಸಿದೆ. ಕೆಂಪು ರಾಡಿಯಾಗಿ ಹರಡಿಕೊಂಡಿತು. ಅದನ್ನು ನೋಡಿ ಇನ್ನೂ ಸಿಟ್ಟು ಬಂತು. ದೋಸೆ ಮಗುಚುವ ಕಬ್ಬಿಣದ ಸಟ್ಟುಗ ತಂದು ಕೆರೆಯತೊಡಗಿದೆ. ಎಡಗೈಯಲ್ಲಿ.

ಮುಕ್ಕಾಲು ಗೋಡೆ ಆಗಿತ್ತು. ಹಿಂಬಾಗಿಲಿಂದ ಆಚೆಮನೆ ಅತ್ತೆ ಬಂದಳು. ಕೈಯಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ಏನೋ ಇತ್ತು, ಅಮ್ಮ ಇಲ್ಲವೆಂದು ನನಗೆ ತಂದ ತಿಂಡಿ ಇರಬೇಕು. ಅವಳ ಹೆಜ್ಜೆ ಕೇಳಿ ನಾನು ಸಟ್ಟುಗವನ್ನು ಪೆಟ್ಟಿಗೆಯ ಮೇಲಿಟ್ಟು ದೂರ ನಿಂತಿದ್ದೆ. ಅವಳು ಗೋಡೆ ನೋಡಿದಳು.

"ಯಾರೇ ಇದು ಕೆರ್ದಿದ್ದು?"

"ಅಪ್ಪ" ಎಂದೆ. "ಪೇಂಟು ಹೊಡೀಬೇಕಂತೆ."

ಅವಳು ಗೋಡೆಯ ಹತ್ತಿರ ಹೋದಳು. ಒಂದು ಗೀರಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ನಿಧಾನ ಎಳೆದಳು. ಇನ್ನೊಂದರ ಮೇಲೆ. ಮತ್ತೊಂದರ ಮೇಲೆ. ನನ್ನ ಕಡೆ ತಿರುಗಲಿಲ್ಲ. "ನಿಮ್ಮಪ್ಪನ ಕೈ ಹಿಂಗೂ ಓಡ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದಳು. ಬಾಳೆಎಲೆಯ ಪೊಟ್ಟಣವನ್ನು ಪೆಟ್ಟಿಗೆಯ ಮೇಲೆ, ಸಟ್ಟುಗದ ಪಕ್ಕದಲ್ಲಿಟ್ಟು, ಬಂದ ಬಾಗಿಲಿಂದಲೇ ಹೋದಳು.

ಆ ಮಾತನ್ನು ಇಷ್ಟು ವರ್ಷ ಅಪ್ಪನ ಮೇಲಿನ ಕೋಪ ಎಂದೇ ತಿಳಿದಿದ್ದೆ. ಮೊದಲ ಸಲ ಆ ಗೋಡೆ ನೋಡಿದ ಹಾನಗಲ್ಲಿನ ಮೇಸ್ತ್ರಿಗೆ ಗೊತ್ತಾದದ್ದು, ನನ್ನ ಎಡಗೈಗೆ ಕುಂಚ ಕೊಟ್ಟವಳಿಗೆ ಗೊತ್ತಾಗದೆ ಇದ್ದೀತೇ?

ಸಂಜೆ ಅಪ್ಪ ಬಂದ. ಗೋಡೆ ನೋಡಿದ, ನನ್ನನ್ನು ನೋಡಿದ. ಬೈಯಲಿಲ್ಲ. ಕಾಲು ತೊಳೆದು ಬಂದು ಕೂತು ಕೇಳಿದ, "ಆಚೆಮನೆಯವ್ಳು ಬಂದಿದ್ಲಾ?"

"ಬಂದಿದ್ಲು."

"ಎಂತಾ ಹೇಳ್ದೆ ಮಗಾ?"

"ನೀನು ಕೆರ್ದಿದ್ದು ಅಂದೆ."

ಅಪ್ಪ ಎಲೆಅಡಿಕೆಯ ಚೀಲ ಬಿಚ್ಚಿದ. "ಆತು ಬಿಡು" ಎಂದ. ಮರುದಿನ ಸಿದ್ದಾಪುರಕ್ಕೆ ಹೋಗಿ ನೀಲಿ ಪೇಂಟಿನ ಡಬ್ಬಿ ತಂದು, ತಾನೇ ಬಳಿದ. ಅರೆಬರೆ ಕೆರೆದ ಹಸೆಯನ್ನು ಹಾಗೇ ಬಿಟ್ಟುಕೊಂಡು ಆ ಮನೆಯಲ್ಲಿ ದೀಪ ಹಚ್ಚುವುದು ಅವನಿಂದ ಆಗುತ್ತಿರಲಿಲ್ಲ. ಪೆಟ್ಟಿಗೆಯ ಹಿಂದೆ ಮಾತ್ರ ಬಳಿಯಲಿಲ್ಲ. ಉಳಿಯಲಿ ಎಂದು ಬಿಟ್ಟನೇ? ಹಾಗೆ ಬರೆಯಲು ನನ್ನ ಕೈ ಕಾಯುತ್ತಿದೆ. ಆದರೆ ಪೆಟ್ಟಿಗೆ ಭಾರ, ಅವನೊಬ್ಬನೇ ಇದ್ದ, ಸರಿಸಲು ಆಗದೆ ಬಿಟ್ಟಿರಲೂ ಸಾಕು.

ಗೆಳತಿಯರು ಬಂದರು. ಊಟ ಮಾಡಿದರು. ಅವರಲ್ಲಿ ಒಬ್ಬಳು, ಬ್ಯಾಡಗಿಯವಳು, ಕೈ ತೊಳೆದು ಬಂದು ಆಸೆಯಿಂದ ಸುತ್ತ ನೋಡಿ ಕೇಳಿದಳು: "ನಿಮ್ಮ ಕಡೆ ಗ್ವಾಡಿ ಮ್ಯಾಲೆ ಚೆಂದ ಚಿತ್ತಾರ ಬರೀತಾರಂತಲ್ಲ, ನಿಮ್ಮನ್ಯಾಗ ಇಲ್ಲೇನು?" "ಈಗ ಯಾರೂ ಬರೆಸೋದಿಲ್ಲ" ಎಂದೆ. ಅಪ್ಪ ಪಕ್ಕದಲ್ಲೇ ಎಲೆಅಡಿಕೆ ಹಾಕುತ್ತಿದ್ದ.

ಆಮೇಲೆ ಆಚೆಮನೆ ಅತ್ತೆ ನಮ್ಮಲ್ಲಿಗೆ ಬರಲಿಲ್ಲ. ನಾಟಿಗೆ ಅವರಿಂದ ಎರಡು ಜನ ನಮಗೆ, ನಮ್ಮಿಂದ ಎರಡು ಜನ ಅವರಿಗೆ ಎಂದು ವರ್ಷವರ್ಷವೂ ನಡೆಯುತ್ತಿದ್ದ ಮುಯ್ಯಾಳು ನಿಂತಿತು. ಅವಳಿಗೆ ಸಿಟ್ಟು ಎಂದು ನಮ್ಮ ಮನೆಯವರೆಲ್ಲ ತಿಳಿದರು. ಕಾರಣ ಕೇಳಿದ ಅಮ್ಮನಿಗೂ ಅಣ್ಣನಿಗೂ ಅಪ್ಪ, "ನಾನೇ ಗೋಡೆ ಕೆರ್ದೆ, ತಪ್ಪಾತು" ಎಂದ. ನಾನು ಧಾರವಾಡಕ್ಕೆ ಹಿಂತಿರುಗಿದೆ. ನನ್ನ ಮದುವೆ ಸಿರ್ಸಿಯ ಕಲ್ಯಾಣ ಮಂಟಪದಲ್ಲಾಯಿತು. ಹಿಂದೆ ಥರ್ಮೋಕೋಲಿನ ಎರಡು ಹಂಸಗಳಿದ್ದವು. ಹಸೆ ಬರೆಯಲು ಅವಳನ್ನು ಕರೆಯುವ ಮಾತು ಅಮ್ಮ ಎತ್ತಿದ್ದಳು. "ಬೇಡ, ಅವಳು ಬರೂದಿಲ್ಲ" ಎಂದವಳು ನಾನು. ಅಪ್ಪ ಸತ್ತ. ಎಷ್ಟೋ ವರ್ಷದ ನಂತರ ಅವಳೂ ಹೋದಳು. ಅವಳ ತಿಥಿಗೆ ನಾನು ಹೋಗಲಿಲ್ಲ, ಪರೀಕ್ಷೆಯ ಕೆಲಸ ಇತ್ತು. ಇತ್ತೋ, ಇದೆಯೆಂದು ಮಾಡಿಕೊಂಡೆನೋ...

ಗೋಡೆಯ ನೀಲಿ ಬಿದ್ದ ಮಾರನೆಯ ದಿನ ಅಣ್ಣ ಫ್ಲೆಕ್ಸಿನವನಿಗೆ ಫೋನು ಮಾಡಿ, ಮದುವೆಗೆಂದು ಹೇಳಿದ್ದ ಚಿತ್ತಾರದ ಪ್ರಿಂಟು ಬೇಡ ಎಂದ. ಆಚೆಮನೆ ಅತ್ತೆಯ ಸೊಸೆ ಈಗ ಹಸೆ ಬರೆಯುತ್ತಾಳೆ. ಕರೆಯಲು ನಾನು ಹೋಗುತ್ತೇನೆ ಎಂದೆ. ಅಣ್ಣ ತಟ್ಟೆಗೆ ಎಲೆಅಡಿಕೆ ಇಟ್ಟು ಕೊಟ್ಟ.

ಸೊಸೆ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈ ಒರೆಸಿಕೊಂಡು ಎದ್ದಳು. ತಟ್ಟೆ ಕೊಡುವ ಮೊದಲೇ ಹೇಳಿಬಿಟ್ಟೆ. "ಅವತ್ತು ಹಸೆ ಕೆರ್ದಿದ್ದು ಅಪ್ಪ ಅಲ್ಲ. ನಾನು. ಅತ್ತೆ ಹತ್ರ ಸುಳ್ಳು ಹೇಳಿದ್ದೆ."

ಅವಳು ಹುಣಸೆಯ ಮೊರವನ್ನು ಬದಿಗೆ ಸರಿಸಿದಳು. "ಅತ್ತೆ ಅದ್ರ ಬಗ್ಗೆ ಎಂತದೂ ಹೇಳ್ತಿರ್ಲಿಲ್ಲ ಅಕ್ಕಾ. ನಿಮ್ಮನೆಗೆ ಯಾಕೆ ಹೋಗೂದಿಲ್ಲ ಅಂತ ಕೇಳಿದ್ರೆ, 'ಅವ ಮುಖ ತಪ್ಪಿಸಿ ಓಡಾಡ್ತಾನೆ, ನಾ ಹೋಗಿ ಎಂತ ಕೇಳ್ಲಿ' ಅಂತಿದ್ರು. ಮತ್ತೆ ಒಂದ್ಸಲ..." ಎಂದು ನಿಲ್ಲಿಸಿದಳು.

"ಹೇಳು."

"ನಿಮ್ಮ ಮದ್ವೆ ಗೊತ್ತಾತಲ್ಲ, ಆಗ ಕೆಮ್ಮಣ್ಣು ತಂದು ಸೋಸಿ ಇಟ್ಟಿದ್ರು. ನಾರನ್ನೂ ನೆನಿಹಾಕಿದ್ರು. 'ಆ ಹೆಣ್ಣು ಬತ್ತದೆ ಕರಿಯುಕೆ' ಅಂತಿದ್ರು. ಹೊಸದಾಗಿ ಬಂದವ್ಳು ನಾನು, 'ಪಕ್ಕದ ಮನೆಯೇ ಅಲ್ವಾ, ನೀವೇ ಹೋಗಿ' ಅಂದೆ. ಬೈಸಿಕೊಂಡೆ. ಕರೀದೆ ಹೋಗುಕೆ ಆಗ್ತದಾ ಹೇಳಿ?"

ನಾನು ಏನು ಹೇಳಿದೆನೋ ಗೊತ್ತಿಲ್ಲ. ಈಗಲಾದರೂ ಹೇಳಬೇಕು ಅನ್ನಿಸಿತು, ಎನ್ನುವಂಥದ್ದೇನೋ. ಅವಳು ಎರಡೂ ಕೈಯಲ್ಲಿ ವೀಳ್ಯ ತೆಗೆದುಕೊಂಡು, ಕೊಂಕಿಲ್ಲದೆ, ಸುಮ್ಮನೆ ಅಂದಳು: "ಯಾರಿಗೆ ಹೇಳ್ಬೇಕಾಗಿತ್ತೋ ಅವ್ರು ಇಬ್ರೂ ಇಲ್ವಲ್ಲ ಅಕ್ಕಾ ಈಗ."

ಸೊಸೆ ಬಂದು ಹೊಸ ಗೋಡೆಯ ಮೇಲೆ ಬರೆದಳು. ಚೆನ್ನಾಗಿಯೇ ಬರೆದಳು. ಹಳೆಯ ಗೋಡೆಗೆ ಅಣ್ಣ ಪುಟ್ಟಿ ಹಾಕಿಸಲಿಲ್ಲ, ಪೆಟ್ಟಿಗೆಯನ್ನೂ ಮರಳಿ ಇಡಲಿಲ್ಲ. ಗೀರುಗಳೂ ಸೊಟ್ಟ ಏಣಿಯೂ ಬಂದವರಿಗೆಲ್ಲ ಕಂಡವು. 

ಮದುವೆಯ ದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು, ಈಗ ಯಲ್ಲಾಪುರದಲ್ಲಿ ಟೀಚರು. ಆ ಗೋಡೆಯ ಮುಂದೆ ನಿಂತು, "ಮೇಡಂ, ಕ್ಲಾಸಲ್ಲಿ ಹೇಳ್ತಿದ್ರಲ್ಲ, ನಿಮ್ಮ ತಂದೆ ಹಾಳು ಮಾಡಿದ ಗೋಡೆ, ಇದೇನಾ?" ಎಂದಳು. ಸುತ್ತ ಐದಾರು ಜನ ಇದ್ದರು. ನಾನು ಬಾಯಿ ತೆರೆದೆ. ಮಾತು ಬರುವಷ್ಟರಲ್ಲಿ ಅಣ್ಣ ನಡುವೆ ಬಂದ. "ಪೆಟ್ಟಿಗೆ ಎಳೆಯುವಾಗ ಗೀರಾಗಿದ್ದು ಅದು. ನಡೀರಿ ನಡೀರಿ, ಪಂಕ್ತಿ ಕೂತಾತು" ಎಂದು ಅವರನ್ನೆಲ್ಲ ಊಟಕ್ಕೆ ಅಟ್ಟಿದ. ಹೋಗುತ್ತಾ ನನ್ನ ಹೆಗಲು ಮುಟ್ಟಿ ಮೆಲ್ಲಗೆ, "ಆತು ಬಿಡು" ಎಂದ. ಅಪ್ಪನದೇ ದನಿ. ನಾನು ಅಂದಿನ ಹಾಗೆಯೇ ಸುಮ್ಮನಾದೆ.

ಅದಕ್ಕೇ ಇದನ್ನು ಬರೆದೆ. ಆ ಹುಡುಗಿ ಓದಿದರೆ ಓದಲಿ: ಹೌದು, ಅದೇ ಗೋಡೆ. ಹಾಳು ಮಾಡಿದವಳು ನಾನು. ನನ್ನ ಪಾಠದಲ್ಲಿದ್ದ ಅಪ್ಪನನ್ನು ನಿನ್ನ ನೋಟ್ಸಿನಿಂದ ಹೊಡೆದುಹಾಕು.

ನಮ್ಮ ಬಾಗಿಲಿಂದ ಆಚೆಮನೆ ಅತ್ತೆಯ ಬಾಗಿಲಿಗೆ ಎಷ್ಟು ದೂರ ಎಂದು ಊರು ಬಿಡುವ ಮುನ್ನ ನಡೆದು ನೋಡಿದೆ. ಇನ್ನು ನೆನಪನ್ನು ನಂಬಿ ಬರೆಯುವುದು ಬೇಡವೆಂದು. ಮೂವತ್ತೆರಡು ಹೆಜ್ಜೆ. ಬೇಲಿಯ ಗೇಟು ತೆಗೆದು ಹಾಕುವುದೂ ಸೇರಿ. ನನ್ನ ಮದುವೆಯ ಹೊತ್ತಿಗೆ, ನಾರು ನೆನೆಹಾಕಿ, ತಲೆಗೆ ಸೆರಗು ಹೊದ್ದು ಅವಳು ಆ ತುದಿಯಲ್ಲಿ ಕೂತಿದ್ದಳು.